ಬೆಳಕು ಹೋದ ದಾರಿ

ಕಾವೇರಿ ಕವಲೊಡೆಯುವ ಶಿವನಸಮುದ್ರದಲ್ಲಿ, ಸುತ್ತಲಿನವರು 'ಬ್ಲಫ್' ಎಂದೇ ಕರೆಯುವ ವಿದ್ಯುದಾಗಾರದ ಕಾಲೊನಿಯಲ್ಲಿ ನಾವು ಬೆಳೆದೆವು. ತಂದೆಯವರು ಟ್ರಾಲಿಯಲ್ಲಿಳಿದು ರಾತ್ರಿಪಾಳಿಗೆ ಹೋದರೆ ತಾಯಿ ನಮ್ಮಿಂದ ಜಪಸರ ಹೇಳಿಸುತ್ತಿದ್ದರು. ಮಳೆಗಾಲದಲ್ಲಿ ಗಗನಚುಕ್ಕಿಯ ಮೊರೆತಕ್ಕೂ ನಮ್ಮ ನಮೋ ಮರಿಯಾಕ್ಕೂ ಪೈಪೋಟಿ!

ಇಲ್ಲಿಂದ ಹೊರಟ ವಿದ್ಯುತ್ತು 1902ರಲ್ಲಿಯೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರನ್ನು ಬೆಳಗಿತು. ಆದರೆ ಎಂಬತ್ತರ ದಶಕದ ಆರಂಭದಲ್ಲಿಯೂ ನಾಲ್ಕು ಮೈಲಿಯಾಚೆಯ ಅಜ್ಜಿಯ ಮನೆಯಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆಯ ಬುಡ್ಡಿ. ತಂತಿಗಳು ಅವರ ಹೊಲದ ಮೇಲೆಯೇ ಹಾದುಹೋಗಿದ್ದವು.

"ನಿಮ್ಮಪ್ಪ ಕಾಯೋ ಕರೆಂಟು ಯಾರ ಮನೆಗೆ ಹೋಯ್ತದೆ ಮಗಾ?" ಎಂದು ಅಜ್ಜಿ ಕೇಳುತ್ತಿದ್ದರು. ಮುಂದೆ ಗುರುಮಠದಲ್ಲಿ ನ್ಯಾಯವನ್ನು ಕುರಿತು ಅರಿಸ್ಟಾಟಲನನ್ನು ಓದಿದೆವು. ಇಷ್ಟು ನೇರವಾದ ಪ್ರಶ್ನೆ ಅಲ್ಲಿ ಎದುರಾಗಲಿಲ್ಲ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅಜ್ಜಿಯ ಮನೆಗೆ ಬಲ್ಬು ಬಂದದ್ದು ಅವರು ತೀರಿಕೊಂಡ ಮರುವರ್ಷ.