ಓಟು ಹಾಕುವವರು ಹೇಗೆ ತೀರ್ಮಾನ ಮಾಡುತ್ತಾರೆ?



ಜೂನ್ ತಿಂಗಳಲ್ಲಿ ನಮ್ಮ ಶಾಲಾ ಸಂಸತ್ತಿನ ಚುನಾವಣೆ ಆಯಿತಲ್ಲವೇ? ಸ್ವಚ್ಛತಾ ಮಂತ್ರಿ ಸ್ಥಾನಕ್ಕೆ ಇಬ್ಬರು ನಿಂತಿದ್ದರು. ಒಬ್ಬಳು ನಮ್ಮ ಓಣಿಯವಳು, ನನಗೆ ಒಂದು ಪೆನ್ನು ಕೊಟ್ಟಿದ್ದಳು. ಇನ್ನೊಬ್ಬನು ಯಾರೂ ಹೇಳದಿದ್ದರೂ ದಿನಾ ಕುಡಿಯುವ ನೀರಿನ ಡ್ರಮ್ಮು ತೊಳೆಯುತ್ತಿದ್ದ. ನಾನು ಪೆನ್ನು ಕೊಟ್ಟವಳಿಗೇ ಓಟು ಹಾಕಿದೆ. ಅವನು ಮೂರು ಓಟಿನಿಂದ ಸೋತ. ಪೆನ್ನಿನ ಇಂಕು ಒಂದು ತಿಂಗಳಿಗೆ ಮುಗಿಯಿತು. ಡ್ರಮ್ಮಿನಲ್ಲಿ ಈಗ ಪಾಚಿ ಕಟ್ಟಿದೆ. ತಪ್ಪು ಅವಳದಲ್ಲ, ನನ್ನದು.

ಹಾಗಾದರೆ ದೊಡ್ಡವರು ಹೇಗೆ ತೀರ್ಮಾನ ಮಾಡುತ್ತಾರೆ? ದಸರಾ ರಜೆಯಲ್ಲಿ ಹೋದ ಹೋದಲ್ಲಿ ಕೇಳಿದೆ.

ಸಿರುಗುಪ್ಪದ ಕಡೆ ನಮ್ಮ ಅಜ್ಜ ಭತ್ತ ಬೆಳೆಯುತ್ತಾರೆ. ಅವರು, "ನಮಗ ಕಾಲುವಿ ನೀರ ಮುಖ್ಯ ನೋಡವ್ವ. ಕೊನೀ ಹೊಲಕ್ಕ ನೀರು ಮುಟ್ಟಿಸಿದವನ ನಮ್ಮವ" ಎಂದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಅಜ್ಜ ಊಟವನ್ನೇ ಬಿಟ್ಟಿದ್ದರು. ಅವರ ಓಟು ನೀರನ್ನು ನೋಡಿ ಬೀಳುತ್ತದೆ.

ಕುರುಗೋಡಿನ ಸೋದರಮಾವ ಬೇರೆ ಹೇಳಿದರು. "ನಮ್ಮ ಮಂದಿ ಗೆದ್ರ ನಾಳೆ ಆಫೀಸಿನ ಕೆಲಸಕ್ಕ ಹೋಗಿ ಕೇಳಾಕ ಧೈರ್ಯ ಇರ್ತದ" ಎಂದರು. ಜಾತಿ ನೋಡಿ ಓಟು ಹಾಕುವವರಲ್ಲಿ ಬಹಳ ಜನರಿಗೆ ಇದೇ ಕಾರಣವಂತೆ. ಆದರೆ 2009ರ ಚುನಾವಣೆಯಿಂದ ಬಳ್ಳಾರಿ ಲೋಕಸಭಾ ಕ್ಷೇತ್ರವು ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಲಿ ನಿಲ್ಲುವವರೆಲ್ಲ ಆ ಪಂಗಡದವರೇ. ಆದ್ದರಿಂದ ಉಳಿದ ಜಾತಿಯವರು ಪಕ್ಷವನ್ನೋ ಕೆಲಸವನ್ನೋ ಬೇರೆ ಏನನ್ನಾದರೂ ನೋಡಲೇಬೇಕು. ಇದನ್ನು ಮಾವನವರೂ ಒಪ್ಪಿದರು.

ಬಳ್ಳಾರಿಯಲ್ಲಿ ಅತ್ತೆ ಜೀನ್ಸ್ ಪ್ಯಾಂಟು ಹೊಲಿಯುವ ಕೆಲಸಕ್ಕೆ ಹೋಗುತ್ತಾರೆ. ಅವರು ಗ್ಯಾಸಿನ ರೇಟು, 2023ರಿಂದ ಬಂದ ಹೆಂಗಸರ ಉಚಿತ ಬಸ್ಸು, ಗೃಹಲಕ್ಷ್ಮಿಯ 2000 ರೂಪಾಯಿ ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. "ಇದೂ ಲಂಚ ಅಲ್ಲವಾ ಅತ್ತೆ?" ಎಂದು ಕೇಳಿದೆ. ಅವರು, "ಸರ್ಕಾರದ ಯೋಜನೆ ಓಟು ಹಾಕಿದವರಿಗೂ ಹಾಕದವರಿಗೂ ಸಿಗ್ತದ. ರಾತ್ರಿ ಕದ್ದು ಕೊಡೋ ದುಡ್ಡು ಲಂಚ" ಎಂದರು. ಓಟಿಗಾಗಿ ದುಡ್ಡು ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಒಂದು ವರ್ಷದವರೆಗೆ ಜೈಲು ಆಗಬಹುದು. ಇದನ್ನು ಕೇಳಿ ನನಗೆ ನನ್ನ ಪೆನ್ನು ನೆನಪಾಯಿತು.

ನಮ್ಮ ಅಜ್ಜಿ 1999ರ ಚುನಾವಣೆಯನ್ನು ಇನ್ನೂ ಮರೆತಿಲ್ಲ. ಆಗ ಬಳ್ಳಾರಿಗೆ ಇಡೀ ದೇಶವೇ ತಿರುಗಿ ನೋಡಿತ್ತು. ಕಾಂಗ್ರೆಸ್ಸಿನಿಂದ ಸೋನಿಯಾ ಗಾಂಧಿ, ಬಿಜೆಪಿಯಿಂದ ಸುಷ್ಮಾ ಸ್ವರಾಜ್ ನಿಂತಿದ್ದರು. ಸುಷ್ಮಾ ಅವರು ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಅಜ್ಜಿ, "ಆಕಿ ಮಾತು ಚಲೋ ಅನಿಸ್ತು. ಆದ್ರ ಈಕಿ ಇಂದಿರಮ್ಮನ ಸೊಸಿ, ಹಸ್ತಕ್ಕ ಹಾಕಿದೆ" ಎನ್ನುತ್ತಾರೆ. ಸೋನಿಯಾ ಸುಮಾರು 56 ಸಾವಿರ ಓಟಿನಿಂದ ಗೆದ್ದರು. ಅವರು ಅಮೇಥಿಯಲ್ಲೂ ಗೆದ್ದಿದ್ದರಿಂದ ಬಳ್ಳಾರಿಯನ್ನು ಬಿಟ್ಟುಕೊಟ್ಟರು. 2000ದಲ್ಲಿ ಇಲ್ಲಿ ಉಪಚುನಾವಣೆ ಆಯಿತು. ಅಲ್ಲಿಯವರೆಗೂ ಈ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ ಸೋತಿರಲೇ ಇಲ್ಲ. 2004ರಲ್ಲಿ ಮೊದಲ ಸಲ ಬಿಜೆಪಿ ಗೆದ್ದಿತು. 2018ರ ಉಪಚುನಾವಣೆಯಲ್ಲಿ ಕಾಂಗ್ರೆಸ್, 2019ರಲ್ಲಿ ಬಿಜೆಪಿ, 2024ರಲ್ಲಿ ಮತ್ತೆ ಕಾಂಗ್ರೆಸ್ ಗೆದ್ದವು. ಅಂದರೆ ಹಿರಿಯರು ಹಾಕಿದ ಗುರುತಿಗೇ ಜನ ಎಂದೆಂದಿಗೂ ಹಾಕುತ್ತಾರೆ ಎನ್ನಲು ಬರುವುದಿಲ್ಲ.

ಅಭ್ಯರ್ಥಿಗಳು ನಾಮಪತ್ರದ ಜೊತೆ ತಮ್ಮ ಆಸ್ತಿ, ಸಾಲ, ವಿದ್ಯಾಭ್ಯಾಸ, ತಮ್ಮ ಮೇಲಿರುವ ಕೇಸುಗಳನ್ನು ಬರೆದುಕೊಡಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. ನಾನು ಕೇಳಿದವರಲ್ಲಿ ಒಬ್ಬರೂ ನೋಡಿರಲಿಲ್ಲ! ಯಾರೂ ಮನಸ್ಸಿಗೆ ಬಾರದಿದ್ದರೆ ನೋಟಾ ಬಟನ್ ಇದೆ. ಇದು 2013ರಿಂದ ಬಂದಿದೆ.

ಕೊನೆಗೆ ನಮ್ಮ ಮನೆಯ ವಿಷಯ. 2024ರ ಮೇ 7ರಂದು ಅಪ್ಪ ಅವ್ವನಿಗೆ, "ಈ ಗುರುತಿಗೇ ಒತ್ತು" ಎಂದು ಎರಡು ಸಲ ಹೇಳಿದರು. ಅವ್ವ ತಲೆಯಾಡಿಸಿದಳು. ವಾಪಸ್ಸು ಬರುವಾಗ ದಾರಿಯಲ್ಲಿ, "ಯಾರಿಗೆ ಹಾಕಿದಿಬೇ?" ಎಂದು ಮೆಲ್ಲಗೆ ಕೇಳಿದೆ. "ಅದು ನನಗ ಗೊತ್ತು, ಆ ಪೆಟ್ಟಿಗಿಗೆ ಗೊತ್ತು" ಎಂದು ನಕ್ಕಳು. ಬಟನ್ ಒತ್ತಿದ ಮೇಲೆ ಚೀಟಿ 7 ಸೆಕೆಂಡು ಗಾಜಿನೊಳಗೆ ಕಾಣಿಸಿ ಪೆಟ್ಟಿಗೆಯಲ್ಲಿ ಬೀಳುತ್ತದೆ. ಅದನ್ನು ನೋಡುವವರು ಓಟು ಹಾಕಿದವರು ಮಾತ್ರ. ಮನೆ, ಜಾತಿ, ದುಡ್ಡು, ಮಾತು ಎಲ್ಲ ಬಾಗಿಲ ತನಕ ಬರುತ್ತವೆ. ಒಳಗೆ ಅವ್ವ ಒಬ್ಬಳೇ ಇರುತ್ತಾಳೆ.

ಮೊದಲು ಓಟಿಗೆ 21 ವರ್ಷ ಆಗಬೇಕಿತ್ತು. 1989ರಿಂದ 18 ಸಾಕು. ನನಗೆ ಇನ್ನೂ ಐದು ವರ್ಷ ಬೇಕು. ಮುಂದಿನ ವರ್ಷ ನಾವು ಹೈಸ್ಕೂಲಿಗೆ ಹೋಗುತ್ತೇವೆ, ಈ ಶಾಲೆಯಲ್ಲಿ ನನಗೆ ಇನ್ನೊಂದು ಓಟಿಲ್ಲ. ಆರನೇ ತರಗತಿಯವರೇ, ನಿಮಗೆ ಇದೆ. ಹಾಕುವ ಮೊದಲು ಒಂದು ಸಲ ಡ್ರಮ್ಮಿನ ಹತ್ತಿರ ಹೋಗಿ, ಅದನ್ನು ಯಾರು ತೊಳೆಯುತ್ತಿದ್ದಾರೆ ನೋಡಿ ಬನ್ನಿರಿ. ಅಲ್ಲಿಯವರೆಗೆ ಸೋಮವಾರ ಸೋಮವಾರ ನಾನೇ ತೊಳೆಯುತ್ತೇನೆ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ