ಭೀಮಾ ನದಿಗೆ ದೊಡ್ಡಕ್ಷರ ಯಾಕ್ರಿ?

ಜೇವರ್ಗಿಯ ಹುಡುಗಿ ಇಂಗ್ಲಿಷಿನಾಗ ರಜಾ ಅರ್ಜಿ ಬರದಾಳ. ಊರಿನ ಹೆಸರಿಗೆ ಸಣ್ಣ 'ಜೆ' ಬಿದ್ದದ. ಬೀಳೂದು ಸಹಜರಿ. ನಮ್ಮ ಲಿಪಿಯೊಳಗ ದೊಡ್ಡಕ್ಷರ, ಸಣ್ಣಕ್ಷರ ಅನ್ನೋ ಭೇದನೇ ಇಲ್ಲ. ಆಳಂದದ 'ಆ' ಎಲ್ಲಿ ಬಂದ್ರೂ ಅದೇ 'ಆ'.

ಇಂಗ್ಲಿಷಿನಾಗ ಹೆಸರು ಬಂತಂದ್ರ ದೊಡ್ಡಕ್ಷರ. ಬರೀ 'ರಿವರ್' ಅಂದ್ರ ಸಣ್ಣ 'ಆರ್'. 'ಭೀಮಾ ರಿವರ್' ಅಂದ್ರ ಎರಡೂ ಪದಕ್ಕ ದೊಡ್ಡಕ್ಷರ, ಯಾಕಂದ್ರ ಈಗ ಅದು ನಮ್ಮ ನದಿಯ ಪೂರ್ತಿ ಹೆಸರು. 'ಮಂಡೇ', 'ಜೂನ್', 'ಕನ್ನಡ' ಇವಕ್ಕೂ ದೊಡ್ಡದೇ. ಭಾಷೆಯ ಹೆಸರಿಗೆ ಹಾಕೂದು ಭಾಳ ಮಂದಿ ಮರೀತಾರ. 'ನಾನು' ಅನ್ನೋ 'ಐ' ವಾಕ್ಯದ ನಡುವ ಬಂದ್ರೂ ದೊಡ್ಡದೇ.

ಇನ್ನ ಕಾಮಾ. 'ಡಿಯರ್ ಸರ್' ಆದಮ್ಯಾಲ ಒಂದು. ವಿಳಾಸದಾಗ ಊರಿಗೂ ಜಿಲ್ಲೆಗೂ ನಡುವ ಒಂದು: ಅಫಜಲಪುರ, ಕಾಮಾ, ಕಲಬುರಗಿ.