ಆಟದ ಬಯಲೂ ಪರಿಹಾರದ ಅಳುಕೂ

ಹಾಸನ ತಾಲ್ಲೂಕಿನ ಕಟ್ಟಾಯದ ಕಡೆ ಉಪಾಧ್ಯಾಯರಾಗಿರುವ ಮಿತ್ರರೊಬ್ಬರು ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದರು. ಕಾಫಿಯ ಲೋಟ ಬರಿದಾಗುವ ಮೊದಲೇ ಅವರ ಮನಸ್ಸಿನ ಭಾರ ಹೊರಬಿದ್ದಿತು. ಶಾಲೆಯ ಬಯಲಿನಲ್ಲಿ ಕಬಡ್ಡಿಯಾಡುತ್ತಿದ್ದ ಹುಡುಗನೊಬ್ಬ ಬಿದ್ದು ಮುಂಗೈ ಮುರಿದುಕೊಂಡನಂತೆ. ಮರುದಿನ ಅವನ ತಂದೆ ಬಂದು, “ಕೋರ್ಟಿಗೆ ಹೋಗಿಯಾದರೂ ಪರಿಹಾರ ಪಡೆಯುತ್ತೇನೆ, ಮೇಷ್ಟ್ರೇ” ಎಂದರಂತೆ.

“ನನಗೇಕೆ ಸ್ವಾಮಿ ಈ ಉಸಾಬರಿ? ಇನ್ನು ಮೇಲೆ ಕಬಡ್ಡಿಯೂ ಇಲ್ಲ, ಹೇಮಾವತಿಯನ್ನು ನೋಡಲು ಗೊರೂರಿನ ಪ್ರವಾಸವೂ ಇಲ್ಲ. ಚೆಂಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ” ಎಂದು ಮಿತ್ರರು ನಿಟ್ಟುಸಿರಿಟ್ಟರು.

ನಾನು ಕನ್ನಡ ಪಾಠ ಹೇಳುವವನು, ಕಾನೂನು ಬಲ್ಲವನಲ್ಲ. ಆದರೂ ಆ ಬೀಗ ನನ್ನನ್ನು ಕಾಡಿತು. ಪರಿಚಿತ ವಕೀಲರೊಬ್ಬರ ನೆರವಿನಿಂದ ಕೆಲವು ತೀರ್ಪುಗಳನ್ನು ಓದಿ ನೋಡಿದೆ.

ಮೋಟಾರು ವಾಹನ ಅಪಘಾತಗಳಲ್ಲಿ ತಪ್ಪು ಯಾರದೆಂದು ರುಜುವಾತು ಮಾಡದೆಯೂ ಒಂದು ನಿಗದಿತ ಪರಿಹಾರವನ್ನು ಪಡೆಯಲು ನಮ್ಮ ಕಾಯಿದೆಯಲ್ಲಿ ಅವಕಾಶವುಂಟು. ಆಟದ ಬಯಲಿನ ಪೆಟ್ಟಿಗೆ ಅಂತಹ ಏರ್ಪಾಡಿಲ್ಲ. ಅಲ್ಲಿ ಯಾರೋ ಒಬ್ಬರು ವಹಿಸಬೇಕಾಗಿದ್ದ ಎಚ್ಚರವನ್ನು ವಹಿಸಲಿಲ್ಲವೆಂಬುದು ಸ್ಥಾಪಿತವಾಗಬೇಕು. ಕಬಡ್ಡಿಯಲ್ಲಿ ಬೀಳುವುದು ಆಟದ ಸ್ವಭಾವ. ಅಂಕಣದ ನಡುವೆ ಚೂಪಾದ ಕಲ್ಲನ್ನು ಹಾಗೆಯೇ ಬಿಟ್ಟಿರುವುದು ಆಟದ ಸ್ವಭಾವವಲ್ಲ. ಮೊದಲನೆಯದನ್ನು ಆಡುವವನು ಒಪ್ಪಿಕೊಂಡೇ ಅಂಕಣಕ್ಕಿಳಿಯುತ್ತಾನೆ. ಎರಡನೆಯದಕ್ಕೆ ಆಡಿಸುವವರು ಉತ್ತರ ಹೇಳಬೇಕು.

ಈ ವಿವೇಚನೆ ನಮಗೆ ಬಂದಿರುವುದು ಇಂಗ್ಲೆಂಡಿನ ನ್ಯಾಯಪದ್ಧತಿಯಿಂದ. ಅಲ್ಲಿ 1947ರಲ್ಲಿ ಮ್ಯಾಂಚೆಸ್ಟರಿನ ಕ್ರಿಕೆಟ್ ಮೈದಾನವೊಂದರಿಂದ ಹಾರಿಬಂದ ಚೆಂಡು ರಸ್ತೆಯಲ್ಲಿದ್ದ ಮಹಿಳೆಯೊಬ್ಬರಿಗೆ ಬಡಿಯಿತು. ಮೂವತ್ತು ವರ್ಷಗಳಲ್ಲಿ ಚೆಂಡು ರಸ್ತೆಗೆ ಬಿದ್ದದ್ದು ಸುಮಾರು ಆರು ಸಲ ಮಾತ್ರ. ಆದುದರಿಂದ ಕ್ಲಬ್ಬಿನದು ನಿರ್ಲಕ್ಷ್ಯವಲ್ಲವೆಂದು 1951ರಲ್ಲಿ ತೀರ್ಪಾಯಿತು. ಡರ್ಹಮ್ ಪ್ರಾಂತದ ಲಿಂಟ್ಸ್ ಎಂಬ ಹಳ್ಳಿಯ ಕಥೆಯೇ ಬೇರೆ. ಅಲ್ಲಿ ಚೆಂಡು ಮತ್ತೆ ಮತ್ತೆ ನೆರೆಮನೆಯ ಹಿತ್ತಿಲಿಗೆ ಬೀಳುತ್ತಿತ್ತು. 1977ರಲ್ಲಿ ನ್ಯಾಯಾಲಯವು ಮನೆಯವರಿಗೆ 400 ಪೌಂಡುಗಳ ಪರಿಹಾರವನ್ನು ಕೊಡಿಸಿತೇ ಹೊರತು, ಆಟವನ್ನು ನಿಲ್ಲಿಸಲು ಒಪ್ಪಲಿಲ್ಲ. ಮುಂದೆ 2006ರಲ್ಲಿ ಅಲ್ಲಿ ಪರಿಹಾರ ಕಾಯಿದೆಯೇ ಬಂದಿತು. ಅತಿಯಾದ ಎಚ್ಚರಿಕೆಯನ್ನು ವಿಧಿಸಿದರೆ ಸಮಾಜಕ್ಕೆ ಬೇಕಾದ ಚಟುವಟಿಕೆಯೇ ನಿಂತುಹೋಗಬಹುದಲ್ಲವೆ ಎಂಬುದನ್ನು ನ್ಯಾಯಾಧೀಶರು ಗಮನಿಸಬಹುದೆಂದು ಆ ಕಾಯಿದೆ ಹೇಳಿತು.

ಆ ಕಾಯಿದೆ ನಮ್ಮಲ್ಲಿ ಜಾರಿಯಲ್ಲಿಲ್ಲ. ಆದರೆ ನಮ್ಮಲ್ಲಿಯೂ ಕಾನೂನು ಕೆರಳುವುದು ಆಟದ ಮೇಲಲ್ಲ, ಅಲಕ್ಷ್ಯದ ಮೇಲೆ. 1995ರ ಮೇ 28ರಂದು ವನವಿಹಾರಕ್ಕೆಂದು ಬಿಯಾಸ್ ನದಿಯ ದಡಕ್ಕೆ ಹೋಗಿದ್ದ ಶಾಲೆಯೊಂದರ 14 ಮಕ್ಕಳು ನೀರುಪಾಲಾದರು. ಉಪಾಧ್ಯಾಯರ ಅಜಾಗರೂಕತೆಗೆ ಶಾಲೆಯೇ ಹೊಣೆಯೆಂದು ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯವು, ಮಗುವೊಂದಕ್ಕೆ 5 ಲಕ್ಷ ರೂಪಾಯಿಗಳ ಪರಿಹಾರವನ್ನು 2001ರಲ್ಲಿ ಸ್ಥಿರಪಡಿಸಿತು. ಪ್ರವಾಸ ಹೋದದ್ದು ಅಪರಾಧವಾಗಿರಲಿಲ್ಲ. ನದಿಯ ಬಳಿ ಮಕ್ಕಳ ಮೇಲೆ ಕಣ್ಣಿಡದಿದ್ದುದು ಅಪರಾಧವಾಯಿತು.

ನಮ್ಮ ಬೆಂಗಳೂರಿನ ನೋವೂ ಹಳೆಯದಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ 11 ಮಂದಿ ಅಸುನೀಗಿದರು. ರಾಜ್ಯ ಸರ್ಕಾರವು ಮೊದಲು 10 ಲಕ್ಷ, ಅನಂತರ 25 ಲಕ್ಷ ರೂಪಾಯಿಗಳ ಪರಿಹಾರವನ್ನು ಘೋಷಿಸಿತು. ಗೆಲುವಿನ ಸಂಭ್ರಮಕ್ಕೆ ಹೊರಟವರು ಯಾರೂ ಇಂತಹ ಅಪಾಯವನ್ನು ಒಪ್ಪಿಕೊಂಡು ಮನೆ ಬಿಟ್ಟಿರಲಿಲ್ಲ. ಹೆತ್ತವರ ಪಾಲಿಗೆ ಆ ಮೊತ್ತ ಯಾವ ಲೆಕ್ಕಕ್ಕೆ ಬಂದೀತು? ಪರಿಹಾರವೆಂಬುದು ಕಳೆದುದನ್ನು ತಂದುಕೊಡಲಾರದು. ಮುಂದೆ ಹೀಗಾಗದಂತೆ ಎಚ್ಚರಿಸುವುದೇ ಅದರ ನಿಜವಾದ ಬೆಲೆ.

ಇದನ್ನೆಲ್ಲ ಮಿತ್ರರಿಗೆ ವಿವರಿಸಿದೆ. “ತಂದೆತಾಯಿಗಳಿಂದ ಒಪ್ಪಿಗೆ ಪತ್ರಕ್ಕೆ ರುಜು ಹಾಕಿಸಿಕೊಂಡರೆ ಸಾಲದೆ?” ಎಂದು ಅವರು ಕೇಳಿದರು. ರುಜು ಹಾಕಿಸುವುದು ಒಳ್ಳೆಯದೇ. ಮಗು ಎಲ್ಲಿಗೆ ಹೋಗುತ್ತಿದೆಯೆಂದು ಮನೆಯವರಿಗೆ ತಿಳಿದಿರುತ್ತದೆ. ಆದರೆ ಆ ಕಾಗದ ಉಪಾಧ್ಯಾಯರ ಎಚ್ಚರಕ್ಕೆ ಬದಲಿಯಾಗಲಾರದು. ಅಂಕಣದ ಕಲ್ಲು ಆರಿಸುವುದು, ಎಳೆಯರನ್ನು ಬಲಿತವರೊಡನೆ ಆಡಿಸದಿರುವುದು, ಪೆಟ್ಟಾದರೆ ಆಸ್ಪತ್ರೆಗೆ ಒಯ್ಯಲು ವಾಹನ ಗೊತ್ತುಮಾಡಿರುವುದು, ನೀರಿನ ಬಳಿ ಈಜು ಬಲ್ಲವರನ್ನು ನಿಲ್ಲಿಸುವುದು: ಮನೆಯ ಹಿರಿಯರು ಮಾಡುವಷ್ಟನ್ನೇ ಕಾನೂನೂ ಕೇಳುತ್ತದೆ.

ಶಾಲೆ ತೆರೆದ ಮೇಲೆ ಮಿತ್ರರು ಫೋನು ಮಾಡಿದ್ದರು. ಎರಡು ಸಂಜೆ ಮಕ್ಕಳೊಡನೆ ಕಲ್ಲು ಆರಿಸಿದರಂತೆ. ಅಂಕಣಕ್ಕೆ ಹರಡಲು ಒಂದು ಟ್ರ್ಯಾಕ್ಟರು ಮೆತ್ತನೆಯ ಮಣ್ಣನ್ನು ತಂದು ಸುರಿದವರು, ಕೋರ್ಟಿಗೆ ಹೋಗುವೆನೆಂದಿದ್ದ ಆ ತಂದೆಯೇ. ಕೈ ಕೂಡಿದ ಹುಡುಗ ಸದ್ಯಕ್ಕೆ ಅಂಕ ಬರೆಯುತ್ತಿದ್ದಾನಂತೆ. ಗೊರೂರಿನ ಪ್ರವಾಸ ಮಾತ್ರ ಇನ್ನೂ ನಿಶ್ಚಯವಾಗಿಲ್ಲ. ಈಜು ಬಲ್ಲ ಇಬ್ಬರಿಗಾಗಿ ಮೇಷ್ಟ್ರು ಹುಡುಕುತ್ತಿದ್ದಾರೆ. ಬೀರುವಿನ ಬೀಗವನ್ನಂತೂ ತೆಗೆದಿದ್ದಾರೆ.